ಐಸಿಗೆ ಹೆದರದ ಕೈ

ರಾಮನಗರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಊರಾಚೆಯ ಲ್ಯಾಬಿನಲ್ಲಿ ಅಮೀರುನ್ನೀಸಾ ಐಸ್ ತಟ್ಟೆಯ ಮುಂದೆ ಕೂತಿದ್ದಾರೆ. ಸಾತನೂರಿನಿಂದ ಬಂದ, ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಚರ್ಮ ಕಳಚಿದ ರೇಷ್ಮೆಹುಳುಗಳನ್ನು ಒಂದೊಂದೇ ಎತ್ತಿ, ಬೆನ್ನು ಸೀಳಿ, ಹಸಿರು ಸೊಪ್ಪು ತುಂಬಿದ ಕರುಳನ್ನು ಹರಿಯದಂತೆ ಬಿಡಿಸುತ್ತಾರೆ. ಬೆಳಗಿಗೆ ಅರವತ್ತು ಹುಳು, ಕರುಳು ಕೆಡದಂತೆ ಎಲ್ಲವೂ ಐಸ್ ಮೇಲೇ.

ಪಾಪ ಅನಿಸೋದಿಲ್ಲವಾ ಎಂದರೆ ನಗುತ್ತಾರೆ. "ಇಪ್ಪತ್ತು ವರ್ಸ ಬಿಸ್ನೀರಲ್ಲಿ ಗೂಡು ಬೇಯ್ಸಿ ನೂಲು ತೆಗ್ದೋಳು ಕಣವ್ವ ನಾನು. ಈಗ ಬಂದು ಪಾಪ ಕೇಳ್ತೀಯಲ್ಲ!"

ಈ ಕರುಳನ್ನು ಅರೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಜೀವಕೋಶದ ಹೊರಪೊರೆಯ ಚೂರುಗಳು ಬೇರೆಯಾಗುತ್ತವೆ. ಅವು ತಾವಾಗೇ ಸುರುಟಿಕೊಂಡು ಕಣ್ಣಿಗೆ ಕಾಣದಷ್ಟು ಪುಟ್ಟ ಚೀಲಗಳಾಗುತ್ತವೆ. ಹುಳುಗಳನ್ನು ಕೊಲ್ಲುವ ಸಪ್ಪೆ ರೋಗದ ವಿಷ ಆ ಪೊರೆಗೆ ಎಲ್ಲಿ ಅಂಟುತ್ತದೆ, ಹೇಗೆ ತೂತು ಕೊರೆಯುತ್ತದೆ ಎಂದು ಸಂಶೋಧಕಿ ಚೈತ್ರಾ ಹುಡುಕುತ್ತಿದ್ದಾರೆ. ಬಿಡಿಸುವಾಗ ಕರುಳು ಹರಿದರೆ ಒಳಗಿನ ಜೀರ್ಣರಸ ಚೆಲ್ಲಿ ಪೊರೆಯನ್ನೇ ತಿನ್ನುತ್ತದೆ. ಆ ದಿನದ ಕೆಲಸವೇ ಹಾಳು.

"ಐಸಲ್ಲಿ ಒಸಿ ಹೊತ್ತು ಕೈ ಇಟ್ರೆ ನಾನು ಕುಣಿದಾಡ್ತೀನಿ. ಅಮೀರಕ್ಕಂಗೆ ಏನೂ ಆಗಲ್ಲ" ಎನ್ನುತ್ತಾರೆ ಚೈತ್ರಾ. ಕೆಲಸ ಕೊಟ್ಟಿದ್ದೂ ಆ ಕೈ ನೋಡಿಯೇ.

ಏನೂ ಆಗದಿರುವುದೇ ಕಾಯಿಲೆ ಎಂದು ಈಗ ಗೊತ್ತಾಗಿದೆ. ಬಿಸಿನೀರಲ್ಲಿ ಬೆಂದೂ ಬೆಂದೂ ಬೆರಳ ನರ ಸತ್ತಿವೆ ಎಂದಿದ್ದಾರೆ ಡಾಕ್ಟರು. ಚಿಮಟ ಎಷ್ಟು ಒತ್ತುತ್ತಿದೆ ಎಂಬುದೂ ಈಚೆಗೆ ತಿಳಿಯುತ್ತಿಲ್ಲ. ಈ ವಾರ ಮೂರು ಸಲ ಕರುಳು ಹರಿದಿದೆ. ಮೂರನೇ ಸಲ ಅವರೇ ಹೋಗಿ ಚೈತ್ರಾಗೆ ಹೇಳಿದ್ದಾರೆ: "ನನ್ ಕೈ ನಂಬ್ಕಂಡು ಕೂತ್ಕಬೇಡಿ."

"ಟೀ ಗ್ಲಾಸು ಬಿಸಿ ಐತೋ ತಣ್ಗೈತೋ ಗೊತ್ತಾಗಲ್ಲ. ಚೈತ್ರಮ್ಮ ಕುಡಿಯೋಗಂಟ ಕಾಯ್ತೀನಿ" ಎಂದು ಬೆರಳನ್ನು ಸೆರಗಲ್ಲಿ ಒರೆಸಿಕೊಳ್ಳುತ್ತಾರೆ.

ಬರುವ ತಿಂಗಳಿಂದ ಈ ಸ್ಟೂಲು ಅವರದಲ್ಲ. ಕೆಲಸ ಕಲಿಯಲು ಅಕ್ಕನ ಮಗಳು ಮಿಸ್ಬಾ ಪಕ್ಕದಲ್ಲಿ ಕೂತಿದ್ದಾಳೆ. ಐಸಿಗೆ ಬೆರಳು ತಾಗಿದ್ದೇ ತಡ, "ಯಾ ಅಲ್ಲಾ! ಕೊರೀತೈತೆ ಖಾಲಾ!" ಎಂದು ಚೀರಿ ಕೈ ಎಳೆದುಕೊಂಡು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ.

"ಇವ್ಳ ಕೈಲಿ ಆಗುತ್ತಾ?" ಚೈತ್ರಾಗೆ ಅನುಮಾನ.

ಅಮೀರುನ್ನೀಸಾ ಆ ಹುಡುಗಿಯ ಕೈ ಈಚೆ ಎಳೆದು, ತಮ್ಮ ಎರಡೂ ಕೈಯಲ್ಲಿ ಉಜ್ಜುತ್ತಾರೆ. ಬೆಚ್ಚಗಾಯಿತಾ ಇಲ್ಲವಾ ಅವರಿಗೆ ತಿಳಿಯದು. ಉಜ್ಜುತ್ತಲೇ ಇದ್ದಾರೆ.

"ಆಗುತ್ತೆ ಕಣಮ್ಮ" ಎನ್ನುತ್ತಾರೆ. "ಇವ್ಳಿಗೆ ಚಳಿ ಆಯ್ತೈತಲ್ಲ."