ಕಟಿಂಗ್ ಸಲೂನಿನಲ್ಲಿ ಕಟ್ಟಿದ ಮನೆ

ನಕ್ಷೆ ಅಕ್ಕ ಒಂದು ಕಾಲದಲ್ಲಿ ಕಂಟ್ರಾಕ್ಟರರ ಕೈಕೆಳಗೆ ಊರವರ ಮನೆಗಳಿಗೆಲ್ಲ ಬಚ್ಚಲಿನ ನಕ್ಷೆ ಬರೆಯುತ್ತಿದ್ದವಳು. ವರ್ಷಗಟ್ಟಲೆ ಬರೆದರೂ ಒಬ್ಬರಾದರೂ ‘ಆಹಾ, ಎಂಥ ಬಚ್ಚಲು!’ ಎಂದಿರಲಿಲ್ಲ. ಕಂಪ್ಯೂಟರ್ ಹುಚ್ಚಿನ ತಮ್ಮ ಒಂದು ದಿನ, “ಅಕ್ಕಾ, ಯಾವತ್ತೂ ಸೋರದ ಮನೆ ಬರೀತೀಯಾ? ವಿಡಿಯೋ ಗೇಮಿಗೆ,” ಎಂದ. ಅಕ್ಕ ಸ್ಕೇಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಆಟ ಕಟ್ಟುವ ಸ್ಟುಡಿಯೋಗೆ ಸಿಕ್ಕಿದ್ದು ಬಾಗಿಲು ಹಾಕಿದ್ದ ಒಂದು ಕಟಿಂಗ್ ಸಲೂನು. ಗೋಡೆಯುದ್ದದ ಕನ್ನಡಿ, ತಿರುಗುವ ಕುರ್ಚಿಗಳು ಹಾಗೇ ಉಳಿದವು. ಅಕ್ಕ, ತಮ್ಮ, ಜೊತೆಗೆ ಸದ್ದು-ಸಂಗೀತ ಕೂಡಿಸುವ ಗೆಳೆಯ ಢಂಢಂ, ಒಟ್ಟು ಮೂವರ ಕಂಪನಿ. ಗಡ್ಡ ನೀವಿಕೊಂಡು ಒಳಬಂದವರನ್ನು ಸಮಾಧಾನ ಮಾಡಿ ವಾಪಸು ಕಳಿಸುವುದೇ ಮೊದಲ ವರ್ಷದ ಮುಖ್ಯ ವ್ಯವಹಾರ. ಮೊದಲನೆಯ ಆಟ ಲಿಫ್ಟಿನದು, ಮೇಲೇಳಲಿಲ್ಲ. ಎರಡನೆಯದು ದೋಣಿಯದು, ಅದರ ಗತಿ ಹೇಳಬೇಕಾಗಿಲ್ಲ. ಮೂರನೆಯದಕ್ಕೆ ಅಕ್ಕ ಜೀವ ತೇದು ಒಂದು ಮನೆ ಬರೆದಳು. ನಾವು ಬೆನ್ನು ತಿರುಗಿಸಿದೊಡನೆ ಗೋಡೆಗಳು ಜಾಗ ಬದಲಿಸುವ ಮನೆ!

ಅದನ್ನು ನೋಡಲು ಆಟಗಳನ್ನು ಮಾರುಕಟ್ಟೆಗೆ ಬಿಡುವ ಕಂಪನಿಯ ಮೇಡಂ ಬಂದರು. ಅವರು ಒಪ್ಪಿದರೆ ಸ್ಟುಡಿಯೋ ಉಳಿಯಿತು. ಇಲ್ಲವಾದರೆ ಅಕ್ಕನಿಗೆ ಮತ್ತೆ ಬಚ್ಚಲೇ ಗತಿ.

ಸ್ಟುಡಿಯೋದ ಕಟ್ಟಳೆಯೊಂದಿತ್ತು. ಹೊಸಬರು ಆಡುವಾಗ ಆಟ ಕಟ್ಟಿದವರು ತುಟಿ ಬಿಚ್ಚಬಾರದು. ಕೊಂಡವರ ಮನೆಗೆಲ್ಲ ಹೋಗಿ ಪಕ್ಕದಲ್ಲಿ ಕೂತು ಹೇಳಿಕೊಡಲಾಗುತ್ತದೆಯೇ? ಆ ದಿನ ಆಡಲು ಒಪ್ಪಿದ್ದು ಅಕ್ಕನ ಅತ್ತೆ. ಗೇಮು ಎಂಬುದನ್ನು ಕೈಯಲ್ಲಿ ಮುಟ್ಟಿದವರಲ್ಲ.

ಅತ್ತೆ ಕಂಟ್ರೋಲರ್ ಹಿಡಿದು, ತೋಟ ದಾಟಿ, ಸಲೀಸಾಗಿ ಮನೆಯ ಮುಂಬಾಗಿಲಿಗೆ ಬಂದರು. ಬಾಗಿಲು ತೆರೆಯಲಿಲ್ಲ. ಹಿಂದೆ ಹೋಗಿ ಮತ್ತೆ ಬಂದರು. ಊಹೂಂ.

“ಏನಮ್ಮಾ, ಒಳಗೆ ಯಾರೂ ಇಲ್ವೇನು?”

ಅಕ್ಕ ಸೆರಗು ಕಚ್ಚಿಕೊಂಡಳು.

“ಮನೇಲಿ ನಾನೊಂದು ಅಂದ್ರೆ ಹತ್ತು ಅಂತೀಯ. ಇಲ್ಲಿ ಬಾಯಿ ಬಿದ್ದುಹೋಯ್ತಾ? ಇಂಥ ಜಾಗ ಇದೆ ಅಂತ ಗೊತ್ತಿದ್ರೆ ದಿನಾ ಬರ್ತಿದ್ನಲ್ಲೇ!”

ಮೇಡಂ ಗಡಿಯಾರ ನೋಡಿಕೊಂಡರು. ಅಕ್ಕ ಪರದೆಯತ್ತ ಬಾಗಿದಳು. ತಾನು ಸಾವಿರ ಸಲ ದಾಟಿದ ಬಾಗಿಲಿಗೆ ಇವತ್ತೇನು ಬಂತು ಧಾಡಿ? ದಿಕ್ಕು ತೋಚದೆ ಎದುರಿನ ಕನ್ನಡಿಯತ್ತ ಕಣ್ಣು ಹಾಯಿಸಿದಳು. ಅತ್ತೆ ಮತ್ತೊಮ್ಮೆ ಬಾಗಿಲಿಗೆ ಬಂದರು. ಕನ್ನಡಿಯಲ್ಲಿ ತಮ್ಮನ ಬಲಗೈ ಹೆಬ್ಬೆರಳು ಟಕ್ಕೆಂದು ಗಾಳಿಯನ್ನು ಒತ್ತಿತು. ಢಂಢಂನದೂ ಒತ್ತಿತು. ತನ್ನದೂ!

ಅದು ಕಂಟ್ರೋಲರಿನಲ್ಲಿ ಹಾರಲು ಒತ್ತುವ ಗುಂಡಿಯ ಬೆರಳು.

ಅಕ್ಕನಿಗೆ ಮಿಂಚು ಹೊಡೆದಂತಾಯಿತು. ಹಿಂದೆ ಆ ಬಾಗಿಲಿಗೊಂದು ಎತ್ತರದ ಮೆಟ್ಟಿಲಿತ್ತು, ಹಾರಿಯೇ ಹತ್ತಬೇಕಿತ್ತು. ಚೆಂದ ಕಾಣುವುದಿಲ್ಲವೆಂದು ಅವಳೇ ಅಳಿಸಿ ಹಾಕಿದ್ದಳು. ಆಡುವವರು ಮುಟ್ಟಿದರೆ ಬಾಗಿಲು ತೆರೆಯುವ ಜಾಗ ಮಾತ್ರ ಆ ಎತ್ತರದಲ್ಲೇ ಉಳಿದಿತ್ತು. ಮೂವರ ಬೆರಳುಗಳೂ ಚಾಳಿಯಂತೆ ಇಲ್ಲದ ಮೆಟ್ಟಿಲನ್ನು ಹಾರುತ್ತಲೇ ಇದ್ದುದರಿಂದ ಯಾರಿಗೂ ಸುಳಿವೇ ಸಿಕ್ಕಿರಲಿಲ್ಲ.

“ಅತ್ತೆ, ಸಾಕು ಬಿಡಿ. ತಪ್ಪು ನಿಮ್ದಲ್ಲ, ನನ್ದು,” ಎಂದವಳೇ ಮೇಡಂ ಕಡೆ ತಿರುಗಿದಳು. “ಮೇಡಂ, ಬಾಗಿಲು ಕೆಟ್ಟಿದೆ. ಈಗ್ಲೇ ಸರಿ ಮಾಡ್ತೀವಿ. ಆದ್ರೆ ಅತ್ತೆ ಆಗ್ಲೇ ಆಡಿ ನೋಡಿಬಿಟ್ರು, ಬಾಗಿಲಿನ ಗುಟ್ಟೂ ಗೊತ್ತಾಗಿಹೋಯ್ತು. ಹೊಸಬರು ಅಂತ ಇನ್ನು ಉಳಿದಿರೋದು ನೀವೊಬ್ರೇ.”

“ನಾನು ಆಟ ಮಾರೋಳಮ್ಮ, ಆಡೋಳಲ್ಲ.”

“ಕೂರಿ ತಾಯಿ,” ಅತ್ತೆ ಎದ್ದು ಕುರ್ಚಿ ತಿರುಗಿಸಿದರು. “ಬೇರೆಯೋರ ಮನೆ ಒಳಗೆ ಇಣುಕೋಕೆ ಇಷ್ಟು ನಾಚಿಕೆ ಯಾಕೆ?”

ಅಕ್ಕ ತಮ್ಮನ ಕಿವಿಯಲ್ಲಿ ಮೆಟ್ಟಿಲಿನ ಕಥೆ ಉಸುರಿದ್ದೇ ತಡ, ಅವನ ಬೆರಳುಗಳು ಕೀಬೋರ್ಡಿನ ಮೇಲೆ ಕುಣಿದವು. ಮೇಡಂ ಒಲ್ಲದ ಮನಸ್ಸಿನಿಂದ ಕೂತು, ತೋಟ ದಾಟಿ, ಬಾಗಿಲಿಗೆ ಬಂದರು. ಬಾಗಿಲು ಕಿರ್ರೆಂದು ತೆರೆದುಕೊಂಡಿತು! ಮೊದಲ ಕೋಣೆಯಲ್ಲಿ ಗೋಡೆ ಸರಿದಾಗ “ಅಯ್ಯಯ್ಯೋ!” ಎಂದರು. ಎರಡನೆಯದರಲ್ಲಿ ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿದರು. ಮೂರನೆಯದರಲ್ಲಿ ಅವರ ಫೋನು ಹೊಡೆದುಕೊಂಡಿತು.

“ಯಾರಾದ್ರೂ ಆಗ್ಲಿ, ನಾನಿಲ್ಲ ಅನ್ನಿ!” ಎಂದು ಕಿರುಚಿ, ಕಣ್ಣು ಕೀಳದೆಯೇ ಕೇಳಿದರು, “ರೀ ನಕ್ಷೆ ಅಕ್ಕ, ಈ ಮನೇಗೆ ಒಟ್ಟು ಎಷ್ಟು ಕೋಣೆ?”

“ಸದ್ಯಕ್ಕೆ ಇಷ್ಟೇ ಮೇಡಂ.”

“ಇಷ್ಟೇನಾ? ಉಳಿದದ್ದು ಬೇಗ ಬರೀರಿ. ನಾವು ಮಾರುಕಟ್ಟೆಗೆ ತರ್ತೀವಿ ಇದನ್ನ!”

ಢಂಢಂ ಅತ್ತೆಯನ್ನೇ ಎತ್ತಿ ಒಂದು ಸುತ್ತು ತಿರುಗಿಸಿದ. ತಮ್ಮ ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಅಕ್ಕ ಮಾತ್ರ ಆಗಲೇ ಹಾಳೆ ಹಾಸಿ, ನಾಲ್ಕನೆಯ ಕೋಣೆಯ ಮೊದಲ ಗೆರೆ ಎಳೆಯುತ್ತಿದ್ದಳು.