ತೊಟ್ಟಿಲ ಮುಂದೆ ಕಾಳಗದ ಪದ

ಆಗೆಲ್ಲ ಶಹಾಬಾದದಲ್ಲಿ ಮೊಹರಂ ಬಂತೆಂದರೆ ನಮ್ಮ ಮನೆಗೂ ಹಬ್ಬವೇ. ಅಪ್ಪನ ತಮ್ಮ, ನಮ್ಮ ಕಾಕಾ, ಹಗಲೆಲ್ಲ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಸಂಜೆ ಮೈಗೆಲ್ಲ ಬಿಳಿ ಧೂಳು ಮೆತ್ತಿಕೊಂಡೇ ಮೊಹರಂ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ನಿಂತು ಕರ್ಬಲಾ ಕಾಳಗದ ಪದ ಹಾಡುತ್ತಿದ್ದ. ಪದ ಕಟ್ಟುವವನೂ ಅವನೇ. ಪಕ್ಕದಲ್ಲಿ ನಿಂತು ಹಿಮ್ಮೇಳ ಹಿಡಿಯುವವಳು ನಾನು.

*ರಣದಾಗ ಬಿದ್ದವರು ಮಣ್ಣಾಗಿ ಹೋದಾರೇನ*
*ತೆನಿಯಾಗಿ ತಾಯಿ ಉಡಿಯಾಗ, ನಗನಗತ*
*ಹಸಗೂಸಾಗಿ ಮತ್ತ ಬಂದಾರ*

ನಿಜಾಮಶಾಹಿ ಮುಗಿಯುವ ಹೊತ್ತಿನ ಗದ್ದಲದಲ್ಲಿ ಕಾಕಾನನ್ನು ಕೊಂದುಹಾಕಿದರು. ಅವನ ಹೆಂಡತಿ, ನಮ್ಮ ಚಿಗವ್ವ, ಆಗ ಮೂರು ತಿಂಗಳ ಬಸುರಿ. ಹೆಣ್ಣು ಹುಟ್ಟಿತು. ಓಣಿಯ ಬಾಯಿಗೆ ಬೀಗ ಎಲ್ಲಿಯದು? ‘ಅಪ್ಪನ್ನ ನುಂಗಿ ಹುಟ್ಟಿದ ಕೂಸು’ ಎಂದರು.

ಹೆಸರಿಡುವ ದಿನ ಮನೆ ತುಂಬ ಕಡಲೆ ಗುಗ್ಗರಿಯ ವಾಸನೆ. ಹೆಂಗಸರು ಜೋಗುಳಕ್ಕೆ ಬಾಯಿ ತೆರೆದಿದ್ದರು, ಅಷ್ಟರಲ್ಲಿ ಚಿಗವ್ವ, “ಜರಾ ನಿಲ್ಲರಿ. ಮೊದಲ ಇದರಪ್ಪನ ಪದ ಆಗಲಿ” ಅಂದಳು.

ನೆರೆಮನೆ ಗಂಗವ್ವ ಹೌಹಾರಿದಳು. “ಅಯ್ಯ ಶಿವನೇ! ತೊಟ್ಟಿಲ ಮುಂದ ಸಾವಿನ ಪದ ಹಾಡತಾರೇನಬೇ? ಮೊದಲೇ ಅಪ್ಪನ್ನ ನುಂಗ್ಯಾದ...”

“ನನ್ನ ಕೂಸು ಯಾರನ್ನೂ ನುಂಗಿಲ್ಲ! ಸತ್ತವರು ಕೂಸಾಗಿ ಬರ್ತಾರಂತ ಅವರೇ ಕಟ್ಟಿ ಹಾಡ್ಯಾರ. ಕುಂತು ಕೇಳ್ರಿ.”

ಹಾಗಂದವಳು ಮೊದಲ ಸಾಲನ್ನೇ ಅರ್ಧಕ್ಕೆ ಬಿಟ್ಟಳು. ನನ್ನ ಕಡೆ ನೋಡಿದಳು. ನನಗಾಗ ಒಂಬತ್ತು ವರ್ಷ, ಆದರೆ ಸಿಟ್ಟು ವಯಸ್ಸಿಗಿಂತ ದೊಡ್ಡದಿತ್ತು. ಪದ ನಾನೇ ಎತ್ತಿಕೊಂಡೆ. ಗಂಗವ್ವ ಜಡೆ ಹಿಡಿದು ಜಗ್ಗಿದಳು. ಇನ್ನೂ ಜೋರಾಗಿ ಹಾಡಿದೆ. ನಾಲ್ಕೈದು ಮಂದಿ ಸೆರಗು ಝಾಡಿಸಿಕೊಂಡು ಎದ್ದರು.

ಮೂಲೆಯಲ್ಲಿ ಕೂತಿದ್ದ ಆಯಿ, ಕಾಕಾನನ್ನು ಹೆತ್ತವಳು, ಎದ್ದು ಬಂದು ತೊಟ್ಟಿಲ ಹಗ್ಗ ಹಿಡಿದಳು.

“ಹೋಗೋರು ಹೋಗ್ರಿ! ಗುಗ್ಗರಿ ನಾವೇ ತಿಂತೀವಿ. ನೀ ಹಾಡಬೇ ಮಗಳ, ನಿಲ್ಲಿಸಬ್ಯಾಡ.”

ಆಮೇಲೆ ಅಪ್ಪನ್ನ ನುಂಗಿದ ಮಾತನ್ನು ನಮ್ಮೆದುರಿಗೆ ಯಾರೂ ಆಡಲಿಲ್ಲ. ಬೆನ್ನ ಹಿಂದೆ ಆಡಿದ್ದರೆ ಆಡಿಕೊಳ್ಳಲಿ.

ಕಾಕಾ ಕಟ್ಟಿದ್ದು ಹದಿನಾರು ನುಡಿ. ನನಗೆ ಉಳಿದದ್ದು ಮೂರು. ಬರೆದಿಡಲಿಲ್ಲ, ತಪ್ಪು ನನ್ನದೇ. ಆ ಕೂಸಿಗೆ ಈಗ ಎಪ್ಪತ್ತು ದಾಟಿದೆ. ಮೊನ್ನೆ ಅವಳ ಮೊಮ್ಮಗನ ಮಗಳ ತೊಟ್ಟಿಲಿಗೆ ಹೋದರೆ ಮೊಬೈಲಿನಲ್ಲಿ ಸಿನಿಮಾ ಜೋಗುಳ ಹಚ್ಚಿದ್ದರು. ನಾನೂ ಅವಳೂ ಸೇರಿ ಬಂದ್ ಮಾಡಿಸಿದೆವು. ಮೂರೂ ನುಡಿ ಹಾಡಿದೆವು. ದನಿಗೂಡಿಸಲು ಒಬ್ಬರಿಗೂ ಪದ ಬರುತ್ತಿರಲಿಲ್ಲ. ಮುದುಕಿಯರಿಬ್ಬರೇ ಮತ್ತೆ ಮೊದಲಿನಿಂದ ಎತ್ತಿಕೊಂಡೆವು.