ನಮ್ಮ ಓಣಿಗೆ ಬರೆದ ಸೊನ್ನೆ

ಗಿರಿಜಕ್ಕಾ, ಆ ದಿನ ನಮ್ಮ ಓಣಿಯಲ್ಲಿ ಸೈಕಲ್ ಇತ್ತು. ಇಲ್ಲವೆಂದು ಬರೆದವನು ನಾನೇ. ನೀನು ಬಂದು ಕೇಳಿದಾಗಲೂ ಇಲ್ಲವೆಂದೇ ಅಂದೆ—ಆರು ವರ್ಷದಿಂದ ಇದನ್ನು ನುಂಗಿಕೊಂಡು ನಿನ್ನ ಪಕ್ಕದ ಮನೆಯಲ್ಲಿಯೇ ಇದ್ದೇನೆ.

ನನ್ನ ಹುಚ್ಚು ನಿನಗೆ ಗೊತ್ತಲ್ಲ. ರಾಣೆಬೆನ್ನೂರಿನ ನಾಲ್ಕಾರು ಓಣಿಗಳಲ್ಲಿ ಗೆಳೆಯರೆಲ್ಲ ಸೇರಿ ಎಲ್ಲರಿಗೂ ಅಂತ ಸೈಕಲ್ ಇಟ್ಟೆವು. ಯಾರಾದರೂ ಒಯ್ಯಬಹುದು, ಬೇರೆ ಓಣಿಯಲ್ಲಿ ಬಿಡಬಹುದು. ಎಲ್ಲಿ ಎಷ್ಟಿವೆ ಎಂದು ಫೋನಿನಲ್ಲಿ ತೋರಿಸುವ ವೆಬ್ ಆ್ಯಪ್‌ಗಾಗಿ ತಿಂಗಳುಗಟ್ಟಲೆ ನೋಟ್‌ಬುಕ್ಕಿನಲ್ಲಿ ಗೀಚಿದೆ. "ಇದೇನು ಉಪಯೋಗಕ್ಕ ಬರತೈತೋ ತಮ್ಮಾ" ಎಂದು ನಕ್ಕವಳು ನೀನು. ಆ್ಯಪ್ ತಯಾರಾದ ಮೇಲೆ ದಿನಾ ಅದನ್ನು ತೆರೆದು ನೋಡುತ್ತಿದ್ದವಳೂ ನೀನೇ. ಎಣಿಕೆಯನ್ನು ನಾನೇ ಕೈಯಿಂದ ತುಂಬುತ್ತಿದ್ದೆ.

ಖಂಡೇಪೂಜೆಯ ಬೆಳಿಗ್ಗೆ ನಮ್ಮ ಓಣಿಯಲ್ಲಿ ಉಳಿದದ್ದು ಒಂದೇ ಸೈಕಲ್. ಊರೆಲ್ಲ ತಂತಮ್ಮ ಗಾಡಿ ಪೂಜಿಸುವಾಗ ನನಗೂ ಆಸೆ—ನನ್ನ ಆಯುಧ ಅದೇ ಅಲ್ಲವೇ! ಹಿತ್ತಲಿಗೆ ತಂದು ತೊಳೆದೆ, ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದೆ. ಆ್ಯಪಿನಲ್ಲಿ ನಮ್ಮ ಓಣಿಗೆ ಸೊನ್ನೆ ಬರೆದೆ.

ಆಗಲೇ ಬಾಗಿಲಲ್ಲಿ ನಿನ್ನ ಧ್ವನಿ.

"ತಮ್ಮಾ, ಸೊನ್ನಿ ತೋರಸಾಕತ್ತೈತಿ. ಖರೇನ ಒಂದೂ ಇಲ್ಲೇನೋ? ಲಗೂನ ಸ್ಟೇಶನ್ನಿಗೆ ಹೋಗಬೇಕಾಗಿತ್ತು."

"ಇಲ್ಲಕ್ಕಾ."

ಪೂಜೆಯಾದದ್ದನ್ನು ಮರುದಿನದವರೆಗೆ ಕದಲಿಸಬಾರದಲ್ಲ, ಎಂದುಕೊಂಡೆ. ಅದಲ್ಲ ಅಕ್ಕಾ—ಎಲ್ಲರ ಸೈಕಲನ್ನು ನಾನೊಬ್ಬನೇ ಒಳಗಿಟ್ಟುಕೊಂಡದ್ದು ನಿನಗೆ ಕಂಡೀತೆಂಬ ನಾಚಿಕೆ. ಯಾಕೆ ಇಷ್ಟು ಅವಸರ ಎಂದೂ ಕೇಳಲಿಲ್ಲ. ಆಟೋಗಳೂ ಪೂಜೆಗೆ ನಿಂತಿದ್ದವು. ನೀನು ನಡೆದೇ ಹೋದೆ, ರೈಲು ತಪ್ಪಿತು. ಮುಂದಿನ ಗಾಡಿ ಹಿಡಿದು ಹಾವೇರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ, ಬೆಳಗಿನಿಂದ 'ಗಿರಿಜಾ, ಗಿರಿಜಾ' ಎನ್ನುತ್ತಿದ್ದ ನಿನ್ನವ್ವನ ಮಾತು ನಿಂತಿತ್ತು. ಮತ್ತೆ ಬರಲೇ ಇಲ್ಲ.

ಅವ್ವನ ಮಣ್ಣಾದ ಮೇಲೆ ಮಾತಾಡಿಸಲು ಬಂದ ನನ್ನನ್ನೇ ನೀನು ಸಮಾಧಾನ ಮಾಡಿದೆ. "ಅಳಬ್ಯಾಡೋ ಹುಚ್ಚಾ. ನಿಂದೇನು ತಪ್ಪೈತಿ? ಸೈಕಲ್ ಇದ್ದಿದ್ರ ನೀ ಕೊಡದ ಇರತಿದ್ದೇನು!"

ಆ ಮಾತು— ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು, ಅಕ್ಕಾ.

ಪ್ರತಿ ದಸರೆಗೂ ಮೊದಲ ಬನ್ನಿ ಎಲೆಯನ್ನು ನನ್ನ ಕೈಗೇ ಇಡುತ್ತೀ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೀ. ನಾನು ತಗೊಳ್ಳುತ್ತೇನೆ, ಕಾಲಿಗೆ ಬೀಳುತ್ತೇನೆ.

ಇವತ್ತು ಮತ್ತೆ ಖಂಡೇಪೂಜೆ. ಪೂಜೆಗಿಟ್ಟ ನಿನ್ನ ಹೊಲಿಗೆ ಯಂತ್ರದ ಮೇಲೆ ಈ ಕಾಗದ ಇಟ್ಟು ಬರುತ್ತೇನೆ. ನಾಳೆ ಬನ್ನಿಗಾಗಿ ನಾನಾಗಿ ಕೈ ಚಾಚುವುದಿಲ್ಲ. ಬಾಗಿಲು ಮಾತ್ರ ತೆರೆದಿಟ್ಟಿರುತ್ತೇನೆ.